ಇಳಿದು ಬೈಯುವವರ ಮನೆಯಿಂದ

ಹುಬ್ಬಳ್ಳಿ
೨೧೩೯ನೆಯ ಇಸವಿ, ಬಿಡುದಿನ ಐದು

ಕಾದಂಬರಿಕಾರ ಶ್ರೀ ಅಜಿತಕುಮಾರ ಮುಳಗುಂದ ಅವರಿಗೆ,

ಮೇಲೆ ಬರೆದ ತಾರೀಖು ನಿಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಮ್ಮಲ್ಲಿ ವರ್ಷದ ಕೊನೆಗೆ ಯಾವ ತಿಂಗಳಿಗೂ ಸೇರದ ಐದು ದಿನ ಉಳಿಸಿಕೊಂಡಿದ್ದೇವೆ, ಅವುಗಳಿಗೆ ಬಿಡುದಿನ ಎನ್ನುತ್ತೇವೆ. ಆ ಐದು ದಿನ ಕಚೇರಿ ಇಲ್ಲ, ಶಾಲೆ ಇಲ್ಲ, ಮದುವೆ ಇಲ್ಲ. ತೆರೆದಿರುವುದು ಹಿಂದಂಚೆಯ ಕಿಟಕಿ ಒಂದೇ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಕಾಗದ ಕಳಿಸುವ ಅಂಚೆ. ಅದು ಹೇಗೆ ನಡೆಯುತ್ತದೆ ಎಂದು ನನ್ನನ್ನು ಕೇಳಬೇಡಿ. ಕಾಲೇಜಿನಲ್ಲಿ ಅದರ ಪಾಠ ಇಂಗ್ಲಿಷಿನಲ್ಲಿತ್ತು. ನನಗೆ ಗೊತ್ತಿರುವುದಿಷ್ಟು: ಕಾಗದದಿಂದ ನಡೆದುಹೋದದ್ದು ಬದಲಾಗುವುದಿಲ್ಲ, ಕಡತದಲ್ಲಿರುವುದು ಮಾತ್ರ ಬದಲಾಗುತ್ತದೆ. ನನ್ನ ಕನ್ನಡ ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆ ಇರಲಿ. ಈ ಕಾಗದದಲ್ಲಿ ನಾನು ಕ್ಷಮೆ ಕೇಳುವುದು ಇದೊಂದಕ್ಕೆ.

ನನ್ನ ಹೆಸರು ಗುರುಪಾದ ಹೊಂಬಳ. ವಯಸ್ಸು ಎಂಬತ್ತೊಂದು. ನಲವತ್ತು ವರ್ಷ ನೆರಳುಬೀದಿಯ ಹೊದಿಕೆ ರಿಪೇರಿ ಮಾಡಿದೆ. ನಿಮ್ಮ ಕಾಲದ ಬಿಸಿಲು ಬಿಸಿಲೇ ಅಲ್ಲ ಸ್ವಾಮಿ; ನಮ್ಮ ಹುಬ್ಬಳ್ಳಿಯ ಎಲ್ಲ ಬೀದಿಗಳಿಗೂ ಮೇಲೆ ಹೊದಿಕೆ ಇದೆ, ಜನ ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ನೆರಳಿನಲ್ಲೇ ನಡೆಯುತ್ತಾರೆ. ಲಾರಿಗಳು ನಿಂತು ಎಪ್ಪತ್ತು ವರ್ಷವಾಯಿತು. ಸರಕೆಲ್ಲ ನೆಲದಡಿಯ ಕೊಳವೆಗಳಲ್ಲಿ ಹರಿದು ಹೋಗುತ್ತದೆ, ಅಂಕೋಲೆಯ ಹೆದ್ದಾರಿಯಲ್ಲಿ ಮೇಕೆ ಮೇಯುತ್ತವೆ. ಇಂಗ್ಲಿಷನ್ನು ಎರಡು ವರ್ಷ ಪರೀಕ್ಷೆಗೆಂದು ಓದಿದ್ದೆ. ನಿಮ್ಮ ಕಾಲದವರು ಅದನ್ನು ಮಾತಿನ ನಡುನಡುವೆ ಉದುರಿಸುತ್ತಿದ್ದಿರಂತೆ. ಹಾಗಾಗಿ ನಿಮ್ಮ ಮರ್ಯಾದೆಗೆ ನಾನೂ ಒಂದು ಉದುರಿಸುತ್ತೇನೆ: ದಿಸ್ ಈಸ್ ವಿತ್ ರೆಫರೆನ್ಸ್ ಟು ಯುವರ್ ನಾವೆಲ್. ಮುಂದಿನದು ಮರೆತುಹೋಗಿದೆ.

ಆ ನಾವೆಲ್ ‘ಹದಿನಾಲ್ಕು ಗಾಲಿ’. ಈ ಕಾಗದ ಕೈಗೆ ಸಿಗುವ ಹೊತ್ತಿಗೆ ನೀವು ಅದರ ಎರಡನೆಯ ಮುದ್ರಣದ ಪ್ರೂಫ್ ತಿದ್ದುತ್ತಿರುತ್ತೀರಿ. ಕೆಂಪು ಪೆನ್ನು ಕೈಯಲ್ಲೇ ಇರಲಿ.

ನಿಮ್ಮ ಕಥಾನಾಯಕ ಹೊನ್ನ್ಯಾ ಲಾರಿ ಡ್ರೈವರು. ಮೊದಲನೆಯ ಪುಟದಲ್ಲಿ ಏಳುವಾಗ ಬೈಯುತ್ತಾನೆ, ಕೊನೆಯ ಪುಟದಲ್ಲಿ ಸಾಯುವಾಗ ಬೈಯುತ್ತಾನೆ, ನಡುವೆ ಗೇರು ಹಾಕಿದರೆ ಒಂದು, ಬೀಡಿ ಹಚ್ಚಿದರೆ ಒಂದು. ನಾನೇನು ಸೂಕ್ಷ್ಮದ ಮನುಷ್ಯನಲ್ಲ. ಹೊದಿಕೆಯ ಮೇಲೆ ಹತ್ತಿ ಕೆಲಸ ಮಾಡುವವನ ಬೆರಳಿಗೆ ಸುತ್ತಿಗೆ ಬಿದ್ದರೆ ಬಾಯಲ್ಲಿ ವಚನ ಬರುವುದಿಲ್ಲ. ಬೈಗುಳ ಕೇಳಿ ಕಿವಿ ಮುಚ್ಚಿಕೊಳ್ಳುವವನ ದೂರು ಇದು ಎಂದುಕೊಂಡು ಕಾಗದ ಮಡಚಿಡಬೇಡಿ. ನನ್ನ ತಕರಾರು ಇರುವುದು ನಿಮ್ಮ ಮುನ್ನುಡಿಯ ಒಂದು ಸಾಲಿನ ಮೇಲೆ. ನೀವು ಬರೆದಿದ್ದೀರಿ: “ಹೊನ್ನ್ಯಾನ ಮಾತೆಲ್ಲ ಕುಂದಗೋಳದ ಲಾರಿ ಚಾಲಕ ಫಕೀರಪ್ಪ ಬೂದಿಹಾಳ ಅವರ ಬಾಯಿಂದ ಬಂದದ್ದು, ನಾನು ಅವರ ಪಕ್ಕ ಮೂರು ದಿನ ಕೂತು ಯಥಾವತ್ತಾಗಿ ಇಳಿಸಿಕೊಂಡಿದ್ದೇನೆ.”

ಫಕೀರಪ್ಪ ಬೂದಿಹಾಳ ನನ್ನ ಹೆಂಡತಿ ನೀಲವ್ವಳ ತಾಯಿಯ ಅಜ್ಜ. ಮನೆಯಲ್ಲಿ ಎಲ್ಲರಿಗೂ ಮುತ್ಯಾ.

ಮುತ್ಯಾನ ಮನೆತನದಲ್ಲಿ ಒಂದು ಪದ್ಧತಿ ಇತ್ತು, ಅದು ನೀಲವ್ವಳವರೆಗೆ ಬಂತು. ಗಾಡಿಯಲ್ಲಿ ಕೂತು ಬೈಯಬಾರದು. ಗಾಡಿ ಎಂದರೆ ಅನ್ನ ಹಾಕುವ ತಾಯಿ, ಆಕೆಯ ತೊಡೆಯ ಮೇಲೆ ಕೂತು ಇನ್ನೊಬ್ಬರ ತಾಯಿಯ ಹೆಸರು ಕೆಡಿಸಬಾರದು ಎಂಬುದು ಮುತ್ಯಾನ ನೇಮ. ಬೈಯಲೇಬೇಕೆನಿಸಿದರೆ ಗಾಡಿಯನ್ನು ಬದಿಗೆ ಹಾಕಿ, ಬ್ರೇಕ್ ಎಳೆದು, ಎರಡೂ ಕಾಲು ನೆಲಕ್ಕಿಟ್ಟು, ಎಷ್ಟು ಬೇಕೋ ಅಷ್ಟು ಬೈದು, ಬಾಟಲಿಯ ನೀರಿನಲ್ಲಿ ಬಾಯಿ ಮುಕ್ಕಳಿಸಿ, ಮತ್ತೆ ಹತ್ತಬೇಕು. ಇಷ್ಟು ಮಾಡುವಷ್ಟರಲ್ಲಿ ಅರ್ಧ ಸಿಟ್ಟು ಬ್ರೇಕಿನ ಹತ್ತಿರವೇ ಉಳಿದುಬಿಡುತ್ತಿತ್ತು ಎಂದು ಮುತ್ಯಾನೇ ಹೇಳುತ್ತಿದ್ದರಂತೆ. ನೆಲಕ್ಕೆ ಬಂದ ಮೇಲೂ ಉಳಿಯುತ್ತದಲ್ಲ, ಅಷ್ಟು ಮಾತ್ರ ನಿಜವಾದ ಬೈಗುಳ.

ಲಾರಿ ಹೋದ ಮೇಲೆ ಪದ್ಧತಿ ಮನೆಯ ಹೊಸ್ತಿಲಿಗೆ ಬಂತು. ನಮ್ಮ ಮದುವೆಯಾದ ಹೊಸತರಲ್ಲಿ ಜಗಳ ಆಡುತ್ತಾ ಆಡುತ್ತಾ ನೀಲವ್ವ ತಟ್ಟನೆ ಎದ್ದು ಹೊರಗೆ ಹೋಗುತ್ತಿದ್ದಳು. ತವರಿಗೆ ಹೊರಟಳೋ ಏನೋ ಎಂದು ನಾನು ಗಾಬರಿಯಾಗಿ ಬಾಗಿಲಿಗೆ ಬಂದರೆ, ಆಕೆ ಮೆಟ್ಟಿಲಿಳಿದು ಬೀದಿಯಲ್ಲಿ ನಿಂತು, ಊರಿಗೆಲ್ಲ ಕೇಳುವ ಹಾಗೆ ನನ್ನನ್ನು ಬೈಯುತ್ತಿದ್ದಳು. ಬೈದು ಮುಗಿಸಿ, ಕಾಲು ತೊಳೆದು ಒಳಗೆ ಬಂದು, “ಕೈ ತೊಳ್ಕೊಂಡ ಬರ್ರಿ, ರೊಟ್ಟಿ ಆರತಾವು” ಎನ್ನುತ್ತಿದ್ದಳು. ಒಳಗೆ ಬಂದ ಮೇಲೆ ಆ ವಿಷಯ ಮುಗಿಯಿತು. ಎದುರುಮನೆಯ ಇಮಾಮಸಾಬ ಮರುದಿನ ನನ್ನನ್ನು ಹಿಡಿದು ನಿಲ್ಲಿಸುತ್ತಿದ್ದ.

“ಗುರಪಾದಣ್ಣ, ನಿನ್ನೆ ಪಲ್ಯಾಕ್ಕ ಉಪ್ಪ ಹೆಚ್ಚಾತಂದಿ ಏನ?”

“ನಿನಗ್ಯಾರ ಹೇಳಿದ್ರ?”

“ನಿನ್ನ ಹೆಂಡ್ತೀನ ಹೇಳ್ಯಾಳಲ್ಲೋ ಮಾರಾಯಾ, ಮೂರ ಓಣಿಗೆ.”

ಐವತ್ತೆರಡು ವರ್ಷದ ಸಂಸಾರದಲ್ಲಿ ಆಕೆ ನಾಲ್ಕು ಗೋಡೆಯ ಒಳಗೆ ನನಗೆ ಒಂದು ಕೆಟ್ಟ ಮಾತು ಆಡಲಿಲ್ಲ. ನಾನು ಆಡಿದ್ದೇನೆ. ಅದನ್ನು ಇಲ್ಲಿ ಬರೆಯುವ ಅಗತ್ಯವಿಲ್ಲ.

ಈಗ ದನಿಮನೆಯ ವಿಷಯ. ಸತ್ತು ಬಹಳ ಕಾಲವಾದ ಹಿರಿಯರ ಮಾತನ್ನು ಮತ್ತೆ ಕಟ್ಟಿ ಕೇಳಿಸುವ ಸರಕಾರಿ ಮನೆ ಅದು. ಅವರ ಬಗ್ಗೆ ಬರೆದದ್ದು, ಅವರು ಬರೆದದ್ದು, ಸಾಕ್ಷಿ ಎನ್ನುವುದೆಲ್ಲ ಕೊಟ್ಟರೆ ಯಂತ್ರ ಅವರ ಹಾಗೆ ಮಾತಾಡುತ್ತದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ವರ್ಷಗಟ್ಟಲೆ ಸರದಿ ಕಾಯಬೇಕು. ಸರದಿ ಬಂದ ದಿನ ನೆಂಟರೆಲ್ಲ ಸೇರುತ್ತಾರೆ, ಆ ಹಿರಿಯರಿಗೆ ಇಷ್ಟವಾಗಿದ್ದ ತಿಂಡಿ ಮಾಡಿಕೊಂಡು ಹೋಗುತ್ತಾರೆ, ಮನೆಯ ಹಿರಿಯ ಹೆಂಗಸು ಮೊದಲ ಪ್ರಶ್ನೆ ಕೇಳುತ್ತಾಳೆ. ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಊಟ ಆಯಿತೇ ಎಂದು.

ನೀಲವ್ವಳ ಅಪ್ಪ ಮೊದಲೇ ಹೋದವನು, ಅವ್ವ ಹೊಟ್ಟೆಪಾಡಿಗೆ ಅಲೆದವಳು. ನೀಲವ್ವ ಬೆಳೆದದ್ದು ಅವ್ವ ಹೇಳಿದ ಮುತ್ಯಾನ ಕಥೆಗಳ ಮೇಲೆ. ಒಂಬತ್ತು ವರ್ಷ ಸರದಿ ಕಾದಳು. ಕೊನೆಯ ಎರಡು ವರ್ಷ ಉಸಿರಿನ ಕಾಯಿಲೆ, ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಆದರೂ ಆ ದಿನ ಬೆಳಿಗ್ಗೆ ತಾನೇ ಕೂತು ಗಿರ್ಮಿಟ್ ಕಲಸಿದಳು, ಮುತ್ಯಾನಿಗೆ ಹಸಿಮೆಣಸಿನಕಾಯಿ ಜಾಸ್ತಿ ಬೇಕಂತೆ ಎಂದು ಮತ್ತೆರಡು ಹೆಚ್ಚಿ ಹಾಕಿದಳು. ನಾವು ಮೂವತ್ತಾರು ಜನ ಹೋಗಿದ್ದೆವು.

ಮುತ್ಯಾನ ದನಿ ಯಾರ ಹತ್ತಿರವೂ ಉಳಿದಿರಲಿಲ್ಲ. ಉಳಿದಿದ್ದ ಲಿಖಿತ ಸಾಕ್ಷಿ ನಿಮ್ಮ ಪುಸ್ತಕವೊಂದೇ. ಯಥಾವತ್ತಾಗಿ ಎಂದು ನೀವೇ ಬರೆದಿದ್ದಿರಿ, ಯಂತ್ರ ನಂಬಿತು.

ನೀಲವ್ವ ಸೆರಗು ಸರಿಮಾಡಿಕೊಂಡು ಕೇಳಿದಳು. “ಮುತ್ಯಾ, ನಾ ನಿಮ್ಮ ಮೊಮ್ಮಗಳ ಮಗಳು ನೀಲವ್ವ. ಊಟ ಆತೇನು?”

“ಊಟಾ? ಯಾವ ಬೋಳಿಮಗ ಕೇಳಾಕತ್ತಾನಲೇ ಊಟಾ?”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನೀಲವ್ವ ನಗಲಿಲ್ಲ. ಕುರ್ಚಿಯ ತುದಿಗೆ ಸರಿದು, ಸಣ್ಣ ಮಕ್ಕಳಿಗೆ ನೆನಪು ಮಾಡಿಕೊಡುವ ದನಿಯಲ್ಲಿ ಹೇಳಿದಳು.

“ಇಳದ ಬೈ ಮುತ್ಯಾ. ಗಾಡಿ ಇಳದ ಬೈ.”

ಯಂತ್ರಕ್ಕೆ ಅದು ಗೊತ್ತಿಲ್ಲ. ಮುನ್ನೂರ ನಲವತ್ತು ಪುಟಗಳಲ್ಲಿ ನೀವು ಬರೆದಿಲ್ಲವಲ್ಲ. ಅದು ನಿಮ್ಮ ಐದನೆಯ ಅಧ್ಯಾಯದಲ್ಲಿ ಹೊನ್ನ್ಯಾ ತನ್ನ ಹೆಂಡತಿಗೆ ಬೈಯುವ ಪೂರಾ ಒಂದೂವರೆ ಪುಟವನ್ನು ನೀಲವ್ವಳ ಮುಖಕ್ಕೆ ಬೈಯಿತು. ಆಕೆ ಮೂರು ಸಲ ಅದನ್ನೇ ಹೇಳಿದಳು. ಮೂರನೆಯ ಸಲ ದನಿ ಹೊರಡಲಿಲ್ಲ, ಉಸಿರಷ್ಟೇ ಬಂತು. ಹಿಂದಿನ ಸಾಲಿನವರಿಗೆ ಮಾತ್ರ ಹಬ್ಬ. “ಅಬಾಬಾ, ನಮ್ಮ ಮುತ್ಯಾ ಭಾರಿ ಖಡಕ್ ಅದಾನಲೇ” ಎಂದು ಆಕೆಯ ತಮ್ಮನ ಅಳಿಯ ತೊಡೆ ತಟ್ಟಿಕೊಂಡ. ಮರುವಾರ ನೆಂಟರ ಮನೆಯ ಗಂಡಸರೆಲ್ಲ ಮನೆಯೊಳಗೆ ಕೂತು ಹಾಗೆಯೇ ಮಾತಾಡತೊಡಗಿದರು. ನಮ್ಮ ಮನೆತನದ ಮಾತೇ ಇದು ಎಂಬ ಜಂಬ ಬೇರೆ.

ಮಂದಿಯನ್ನೆಲ್ಲ ಕಳಿಸಿ ಹಿಂದಿರುಗುವಾಗ ನೀಲವ್ವ ಒಂದೇ ಮಾತು ಕೇಳಿದಳು: “ಹಂಗಾರ ನಮ್ಮವ್ವ ನನಗ ಹೇಳಿದ್ದೆಲ್ಲ ಸುಳ್ಳೇನ್ರಿ?” ನಾನು ಇಲ್ಲ ಎಂದೆ. ನಾನು ಹೇಳಿದರೆ ಏನು, ಎದುರಿಗೆ ಅಚ್ಚಾದ ಪುಸ್ತಕ ಇದೆ. ಆಮೇಲೆ ನಾಲ್ಕು ತಿಂಗಳು ಬದುಕಿದ್ದಳು. ಅಷ್ಟು ದಿನದಲ್ಲಿ ನಾನು ಬೇಕೆಂದೇ ತಪ್ಪು ಮಾಡಿದೆ, ನೀರು ಚೆಲ್ಲಿದೆ, ಮದ್ದಿನ ಹೊತ್ತು ತಪ್ಪಿಸಿದೆ. ಆಕೆ ಒಂದು ಸಲವೂ ಮೆಟ್ಟಿಲಿಳಿದು ಹೋಗಿ ನನ್ನನ್ನು ಬೈಯಲಿಲ್ಲ. ಇಮಾಮಸಾಬ ತಾನಾಗಿ ಬಂದು, “ಯಾಕಣ್ಣಾ, ವೈನಿ ಸುಮ್ಮನಾಗ್ಯಾರಲ್ಲ” ಎಂದ. ನನ್ನ ಹೆಂಡತಿಯ ಬಾಯಿ ಕಿತ್ತುಕೊಂಡವರು ನೀವು. ಇದನ್ನು ಇದಕ್ಕಿಂತ ಮೆತ್ತಗೆ ಹೇಳಲು ನನಗೆ ಬರುವುದಿಲ್ಲ, ಬಂದರೂ ಹೇಳುವುದಿಲ್ಲ.

ಆಕೆ ಹೋದ ಮೇಲೆ ನಾನು ನಿಮ್ಮ ಪುಸ್ತಕ ತಂದು ಓದಿದೆ. ಪುಸ್ತಕದ ಹಿಂದೆ ನಿಮ್ಮದೊಂದು ಸಂದರ್ಶನ ಅಚ್ಚಾಗಿದೆ. ಗಂಡಸು ಪಾತ್ರಗಳು ಇಷ್ಟೊಂದು ಬೈಯುವುದು ಬೇಕೇ ಎಂದು ಒಬ್ಬರು ಕೇಳಿದರೆ, ನೀವು “ಅದು ನೆಸೆಸರಿ, ಅದಿಲ್ಲದೆ ರಿಯಲಿಸಂ ಇಲ್ಲ” ಎಂದಿದ್ದೀರಿ. ನನಗೆ ಕಾಲೇಜಿನ ಇಂಗ್ಲಿಷಿನಲ್ಲಿ ನೆನಪಿರುವುದೇ ಹತ್ತಿಪ್ಪತ್ತು ಪದ, ಅದರಲ್ಲಿ ನೆಸೆಸರಿ ಒಂದು. ನಮ್ಮ ಮೇಷ್ಟರು ಬೋರ್ಡಿನ ಮೇಲೆ ಬರೆದು ಹೇಳಿದ್ದರು: ಒಂದನ್ನು ತೆಗೆದರೆ ಇನ್ನೊಂದು ಬೀಳುತ್ತದೆ ಎಂದಾದರೆ ಮಾತ್ರ ಅದು ನೆಸೆಸರಿ. ಅದರ ಜೊತೆಗೆ ಸಫಿಷಿಯೆಂಟ್ ಎಂದು ಇನ್ನೊಂದು ಇತ್ತು, ಅದು ಏನೆಂದು ಈಗ ನೆನಪಿಲ್ಲ. ನನ್ನ ಕಸುಬಿನಲ್ಲೂ ಅದೇ ಪರೀಕ್ಷೆ. ಹಳೆಯ ಹೊದಿಕೆಯ ಯಾವ ಕಂಬ ಭಾರ ಹೊತ್ತಿದೆ, ಯಾವುದು ಸುಮ್ಮನೆ ನಿಂತಿದೆ ಎಂದು ಒಂದೊಂದನ್ನೇ ಸಡಿಲಿಸಿ ನೋಡುತ್ತೇವೆ.

ಹಾಗೆಯೇ ಪೆನ್ಸಿಲ್ ಹಿಡಿದು ಕೂತೆ. ನಿಮ್ಮ ಪುಸ್ತಕದಲ್ಲಿ ಗಂಡಸರ ಬಾಯಿಂದ ಬರುವ ಬೈಗುಳ ಒಟ್ಟು ಆರುನೂರ ಹನ್ನೆರಡು. ಒಂದೊಂದನ್ನೇ ಹೊಡೆದು ಸಾಲನ್ನು ಮತ್ತೆ ಓದಿದೆ. ಸಾಲು ನಿಂತರೆ ಸರಿ, ಬಿದ್ದರೆ ಮತ್ತೆ ಬರೆದಿಟ್ಟೆ. ಎರಡು ತಿಂಗಳು ಹಿಡಿಯಿತು, ಹೆಂಡತಿ ಸತ್ತವನಿಗೆ ಬೇರೇನು ಕೆಲಸ. ಬಿದ್ದ ಸಾಲುಗಳು ಮೂರು. ಆರುನೂರ ಒಂಬತ್ತು ಕಂಬಗಳು ಏನನ್ನೂ ಹೊತ್ತಿರಲಿಲ್ಲ.

ಆ ಮೂರು ಯಾವುವು ಎಂದು ಹೇಳಿದರೆ ನಿಮಗೆ ಬೆವರಬೇಕು. ಮೂರರಲ್ಲೂ ಹೊನ್ನ್ಯಾ ನೆಲದ ಮೇಲೆ ನಿಂತಿದ್ದಾನೆ. ಅರಬೈಲ್ ಘಟ್ಟದ ತಿರುವಿನಲ್ಲಿ ಒಬ್ಬ ಕಾರಿನವನು ಹಿಂದೆ ಕೂತ ಮಕ್ಕಳ ಜೀವವನ್ನೂ ಲೆಕ್ಕಿಸದೆ ನುಗ್ಗುತ್ತಾನಲ್ಲ, ಆಗ ಹೊನ್ನ್ಯಾ ಲಾರಿ ನಿಲ್ಲಿಸಿ, ಇಳಿದು, ಕಾರಿನವನನ್ನು ಬೈದು, ಬಾಯಿ ಮುಕ್ಕಳಿಸಿ ಹತ್ತುತ್ತಾನೆ. ಆ ಬೈಗುಳ ಓದಿ ನನ್ನ ಮೈಮೇಲೆ ಕೂದಲು ನಿಂತವು. ಅದು ಮುತ್ಯಾ. ನೂರಕ್ಕೆ ನೂರು ಮುತ್ಯಾ. ನೀವು ಪಕ್ಕದಲ್ಲಿ ಕೂತು ಕಣ್ಣಾರೆ ನೋಡಿದ್ದೀರಿ. ಆದರೆ ಯಾಕೆ ಇಳಿದ ಎಂಬುದಕ್ಕೆ ನೀವು ಏನು ಬರೆದಿದ್ದೀರಿ? ಉಚ್ಚೆ ಹೊಯ್ಯಲು ಇಳಿದ ಎಂದು ಬರೆದಿದ್ದೀರಿ. ಮೂರು ದಿನ ಒಬ್ಬ ಮನುಷ್ಯನ ಪಕ್ಕ ಕೂತು, ಆತನ ಬುತ್ತಿ ಉಂಡು, “ಯಾಕ್ರಿ ಫಕೀರಪ್ಪ, ಸುಮ್ಮ ಸುಮ್ಮನ ಇಳೀತೀರಿ?” ಎಂದು ಒಂದು ಸಲ ಕೇಳಲಿಲ್ಲ ನೀವು. ಕೇಳಿದ್ದರೆ ನಿಮ್ಮ ಕೈಯಲ್ಲಿ ಒಂದು ಕಾದಂಬರಿ ಇರುತ್ತಿತ್ತು. ಕೇಳದೆ, ಲಾರಿಯವನು ಎಂದರೆ ಹೀಗೇ ಇರಬೇಕು ಎಂದು ಮನೆಗೆ ಹೋಗಿ ಆರುನೂರ ಒಂಬತ್ತು ಕಲಸಿ ಹಾಕಿದಿರಿ.

ಇನ್ನೊಂದು ಕಂಡೆ. ನಿಮ್ಮ ಪುಸ್ತಕದಲ್ಲಿ ಹೆಂಗಸರು ಯಾರೂ ಬೈಯುವುದಿಲ್ಲ. ಹೆಂಡತಿ ಅಳುತ್ತಾಳೆ, ತಂಗಿ ಅಳುತ್ತಾಳೆ, ಘಟ್ಟದ ಚಹಾದಂಗಡಿಯ ಹೆಂಗಸು ಮೌನವಾಗಿ ದಿಗಂತ ನೋಡುತ್ತಾಳೆ. ಚಹಾದಂಗಡಿ ನಡೆಸುವ ಹೆಂಗಸು ಬೈಯುವುದಿಲ್ಲ ಎಂದರೆ ನೀವು ಅಲ್ಲಿ ಚಹಾ ಕುಡಿದೇ ಇಲ್ಲ ಎಂದು ಅರ್ಥ. ಹೆಂಗಸರಿಗೆ ಬೈಯಲು ಬಿಡದ ನೀವು, ಗಂಡಸರಿಗೆ ಕೊಟ್ಟ ಬೈಗುಳಗಳಲ್ಲಿ ಮಾತ್ರ ಹೆಂಗಸರನ್ನೇ ತುಂಬಿದ್ದೀರಿ: ತಾಯಿ, ತಂಗಿ, ತಲೆ ಬೋಳಿಸಿದ ವಿಧವೆ. ನಾನು ಒಂಟಿಯಾದ ಮೇಲೆ ಒಂದು ದಿನ ಆರುನೂರ ಹನ್ನೆರಡನ್ನೂ ಮತ್ತೆ ಹುಡುಕಿದೆ. ಹೆಂಡತಿ ಸತ್ತ ಗಂಡಸಿನ ಮೇಲೆ ಒಂದು ಬೈಗುಳವೂ ಇಲ್ಲ. ನನ್ನನ್ನು ಬೈಯಲು ನಿಮ್ಮ ಹೊನ್ನ್ಯಾನ ಹತ್ತಿರ ಪದವೇ ಇಲ್ಲ.

ದನಿಮನೆಗೆ ಹೋಗಿ ತಕರಾರು ಹಾಕಿದೆ. ಅಲ್ಲಿನ ಅಧಿಕಾರಿ ಮೆಹಬೂಬಿ ಎಂಬಾಕೆ, ಒಳ್ಳೆಯ ಹೆಣ್ಣುಮಗಳು, ಕಡತ ತೆಗೆದು ತೋರಿಸಿದಳು.

“ಕಾಕಾರ, ನಿಮ್ಮ ಮಾತ ಖರೇ ಇರಬಹುದು. ಆದರ ಪುಸ್ತಕದಾಗ ಬರದೈತಿ. ಬರದದ್ದು ಸುಳ್ಳಂತ ಬರದಾವರ ಹೇಳಬೇಕು.”

“ಅವರು ಸತ್ತ ಯಾವ ಕಾಲಾತವ್ವಾ.”

“ಹಂಗಾರ ಹಿಂದಂಚಿ ಹಾಕ್ರಿ. ಎರಡನೇ ಮುದ್ರಣದಾಗ ಆ ಸಾಲು ಇರಲಿಲ್ಲಂದ್ರ ಈ ಕಡತ ತಾನ ಖಾಲಿ ಆಕ್ಕೈತಿ. ಮನೆಯವರ ಬಾಯಿಮಾತು ಸಾಕ್ಷಿ ಆಕ್ಕೈತಿ.”

ಹಿಂದಂಚೆ ಒಬ್ಬ ಮನುಷ್ಯನಿಗೆ ಜೀವಮಾನದಲ್ಲಿ ಒಂದೇ. ನನ್ನ ಮಗಳು ದಾನಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. “ಅಪ್ಪಾ, ಇರೂದು ಒಂದ ಕಾಗದ. ಅವ್ವಗ ಬರಿ. ಮೂವತ್ತು ವರ್ಷದಾಕಿ ಇದ್ದಾಗಿನ ಅವ್ವಗ ಬರಿ. ಆ ಸತ್ತ ಸಾಹಿತಿಗೆ ಯಾಕ ಹಾಳ ಮಾಡ್ತಿ?” ಎಂದಳು. ನಾನೂ ಬರೆಯಲು ಕೂತಿದ್ದೆ. ‘ನೀಲವ್ವ’ ಎಂದು ಬರೆದು ಅರ್ಧ ದಿನ ಆ ಹಾಳೆ ನೋಡಿದೆ. ದನಿಮನೆಗೆ ಹೋಗಬೇಡ ಎಂದರೂ ಆಕೆ ಹೋಗುತ್ತಿದ್ದಳು. ನಿನ್ನ ಮುತ್ಯಾ ಹಾಗಿರಲಿಲ್ಲ ಎಂದರೆ, ಅದು ಆಕೆಗೆ ಆಗ ಗೊತ್ತೇ ಇತ್ತು. ಉಳಿದದ್ದನ್ನು ಆಕೆ ಬದುಕಿದ್ದಾಗಲೇ ನಾನು ಹೇಳಬೇಕಿತ್ತು. ಆ ಹಾಳೆ ಹರಿದು ಹಾಕಿ ನಿಮಗೆ ಬರೆಯುತ್ತಿದ್ದೇನೆ. ನನ್ನ ಹೆಂಡತಿಗೆ ಸಲ್ಲಬೇಕಾಗಿದ್ದ ಕಾಗದ ನಿಮ್ಮ ಮೇಜಿನ ಮೇಲಿದೆ, ಅದರ ಮೇಲೆ ಚಹಾದ ಲೋಟ ಇಡಬೇಡಿ.

ಇನ್ನು ನಿಮ್ಮ ಸರದಿ. ನಿಮ್ಮ ಮರಿಮಗಳು ವಸುಧಾ ಧಾರವಾಡದಲ್ಲಿದ್ದಾಳೆ, ಕಿವಿ ಕೇಳಿಸದ ಮಕ್ಕಳಿಗೆ ಪಾಠ ಹೇಳುತ್ತಾಳೆ. ನಿಮ್ಮ ಬಗ್ಗೆ ಆಕೆಗೆ ಬಹಳ ಅಭಿಮಾನ. ನಿಮ್ಮ ದನಿ ಕೇಳಬೇಕೆಂದು ಆಕೆ ಹಾಕಿದ ಅರ್ಜಿಗೆ ಸರದಿ ಬಂದಿದೆ, ನಾಡಿದ್ದು, ಬಿಡುದಿನ ಕಳೆದ ಎರಡನೆಯ ದಿನ. ಸಾಕ್ಷಿ ಇದ್ದವರು ಕೊಡಿ ಎಂದು ದನಿಮನೆಯ ಬಾಗಿಲಲ್ಲಿ ಚೀಟಿ ಅಂಟಿಸಿದ್ದರು. ನಾನು ಕೊಟ್ಟೆ. ಅದೇ ಸಂದರ್ಶನದ ಕೊನೆಗೆ ನೀವು ನಕ್ಕು ಹೇಳಿದ್ದೀರಲ್ಲ, “ನಿಜ ಹೇಳಬೇಕೆಂದರೆ ಹೊನ್ನ್ಯಾ ಅಂದರೆ ನಾನೇ” ಎಂದು. ನಿಮ್ಮದೇ ಮಾತು, ನಿಮ್ಮದೇ ಸಹಿ. ಅದನ್ನೂ ಪೂರಾ ಕಾದಂಬರಿಯನ್ನೂ ನಿಮ್ಮ ದನಿಯ ಸಾಕ್ಷಿಯೆಂದು ನೋಂದಾಯಿಸಿದ್ದೇನೆ. ನೀವು ಮಗಳಿಗೆ ಬರೆದ ನಾಲ್ಕು ಕಾಗದ ವಸುಧಾಳ ಹತ್ತಿರ ಇವೆಯಂತೆ, ಬಹಳ ಮೃದುವಾದ ಕಾಗದಗಳಂತೆ. ನಾಲ್ಕು ಕಾಗದ ಮುನ್ನೂರ ನಲವತ್ತು ಪುಟದ ಮುಂದೆ ನಿಲ್ಲುವುದಿಲ್ಲ, ಮೆಹಬೂಬಿಯನ್ನು ಕೇಳಿದ್ದೇನೆ. ಆ ಹುಡುಗಿ ಸೀರೆ ಉಟ್ಟು, ನಿಮಗೆ ಇಷ್ಟವಾದ ತಿಂಡಿ ಮಾಡಿಕೊಂಡು ಬಂದು ಎದುರಿಗೆ ಕೂರುತ್ತಾಳೆ. ನೀವು ಐದನೆಯ ಅಧ್ಯಾಯದಿಂದ ಶುರು ಮಾಡುತ್ತೀರಿ.

ಆಕೆಯ ತಪ್ಪು ಏನು ಎಂದು ಕೇಳುತ್ತೀರಾ? ಏನೂ ಇಲ್ಲ. ನೀಲವ್ವಳದೂ ಇರಲಿಲ್ಲ.

ಮುನ್ನುಡಿಯ ಆ ಸಾಲು ಎರಡನೆಯ ಮುದ್ರಣದಲ್ಲಿ ಇರಬಾರದು. ಬೈಗುಳ ಬೇಕಾದರೆ ಇಟ್ಟುಕೊಳ್ಳಿ, ಆರುನೂರಕ್ಕೆ ಇನ್ನೂ ಆರುನೂರು ಸೇರಿಸಿ, ಅದು ನಿಮ್ಮ ಬಾಯಿ. ಅದರ ಕೆಳಗೆ ಫಕೀರಪ್ಪ ಬೂದಿಹಾಳರ ಹೆಸರು ಬೇಡ.

ಆ ಸಾಲು ಹೊಡೆದರೆ ವಸುಧಾಳ ಮುಂದೆ ಇಟ್ಟ ಸಾಕ್ಷಿಯನ್ನು ನಾನು ವಾಪಸು ತೆಗೆದುಕೊಳ್ಳುತ್ತೇನೆ ಎಂದು ನೀವು ಅಂದುಕೊಂಡಿರಬಹುದು. ಹಾಗೆಯೇ ಬರೆ, ಕೆಲಸ ಆಗುತ್ತದೆ ಎಂದು ಇಮಾಮಸಾಬನೂ ಹೇಳಿದ. ಆದರೆ ಒಂದು ಸುಳ್ಳು ಸಾಲನ್ನು ತೆಗೆಸಲು ಇನ್ನೊಂದು ಸುಳ್ಳು ಸಾಲು ನಾನು ಬರೆಯುವುದಿಲ್ಲ. ಸಾಕ್ಷಿ ಅಲ್ಲೇ ಇರುತ್ತದೆ. ನೀವು ಏನು ಮಾಡಿದರೂ ನಾಡಿದ್ದು ನಿಮ್ಮ ಬಾಯಿ ಹೊನ್ನ್ಯಾನದೇ. ಸಾಲು ಹೊಡೆದರೆ ಮುತ್ಯಾ ಉಳಿಯುತ್ತಾರೆ, ನೀವು ಉಳಿಯುವುದಿಲ್ಲ. ಹೊಡೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ. ನಿಮಗೆ ಇದರಲ್ಲಿ ಎಳ್ಳಷ್ಟು ಲಾಭವಿಲ್ಲ, ನಾನು ಬೇಕೆಂದೇ ಹಾಗೆ ಮಾಡಿದ್ದೇನೆ.

ಪೆನ್ನು ಕೈಯಲ್ಲಿದೆ. ಏನೂ ಸಿಗದೆ ಒಂದು ಸಾಲು ಹೊಡೆಯುವ ಮನುಷ್ಯ ನೀವು ಹೌದೋ ಅಲ್ಲವೋ, ನನಗೆ ನಾಳೆ ಬೆಳಿಗ್ಗೆ ಕಡತ ತೆರೆದಾಗ ಗೊತ್ತಾಗುತ್ತದೆ. ನಿಮಗೆ ಈಗಲೇ ಗೊತ್ತಾಗುತ್ತದೆ.

ಇತಿ,
ಗುರುಪಾದ ಹೊಂಬಳ
ನೀಲವ್ವಳ ಗಂಡ